ಮೊಳೆಗೆ ನೇತುಹಾಕಿದ ಬೂಟು

ಚಳ್ಳಕೆರೆ
5 ಫೆಬ್ರವರಿ 2024

ಬೋರಣ್ಣನಿಗೆ, ತಮ್ಮ ಸೂರಪ್ಪ ಬರೆದದ್ದು.

ನನ್ನನ್ನು ಬಸ್ಸು ಹತ್ತಿಸಿ ತಿರುಗಿ ಕೂಡ ನೋಡದೆ ಹೊರಟುಹೋದೆಯಲ್ಲ, ಇಂಥವನಿಗೆ ಕಾಗದ ಬರೆಯಬಾರದು ಅಂತ ಇಷ್ಟು ದಿನ ಬಿಗಿಯಾಗಿದ್ದೆ. ಆದರೆ ಬರೆಯಲು ನನಗೆ ಇನ್ಯಾರಿದ್ದಾರೆ? ನಿನಗೇನೋ ಅತ್ತಿಗೆ ಸಿಕ್ಕಳು, ದೇವರ ಎತ್ತು ಕಾಯುವ ಇನ್ನೊಬ್ಬ ಕಿಲಾರಿಗೆ ಯಾರೂ ಹೆಣ್ಣು ಕೊಡಲಿಲ್ಲ, ಹೆಂಡತಿಗೆ ಬರೆಯೋಣ ಅಂದರೆ. ನೀನೋ ಫೋನು ಮುಟ್ಟುವುದಿಲ್ಲ. ಕಿಲಾರಿ ಫೋನು ಹಿಡಿಯಬಾರದು ಅಂತ ಯಾವ ದೇವರು ನಿನ್ನ ಕಿವಿಯಲ್ಲಿ ಹೇಳಿದನೋ ನನಗಂತೂ ಗೊತ್ತಿಲ್ಲ. ಈ ಕಾಗದವನ್ನು ರಾಂಪುರಕ್ಕೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲ್ ಇಟ್ಟಿರುವ ರಾಧಮ್ಮ ಇಸಿದುಕೊಂಡು ಇಟ್ಟಿರುತ್ತಾಳೆ. ನೀನು ಉಪ್ಪು, ಬೆಲ್ಲಕ್ಕೆ ಹೋದಾಗ ತೆಗೆದುಕೊ. ಉತ್ತರವನ್ನೂ ಅವಳ ಹತ್ತಿರವೇ ಕೊಡು.

ಮಲ್ಲಿಕ್‌ನ ಎಲೆಕ್ಟ್ರಿಕ್ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ್ದೇನೆ. ಅವನ ಅಪ್ಪ ಜಯದೇವಪ್ಪನವರು ಹಿಂದೆ ಶೇಂಗಾ ವ್ಯಾಪಾರಕ್ಕೆ ನಮ್ಮ ಹಟ್ಟಿಗೆ ಬರುತ್ತಿದ್ದರಲ್ಲ, ಆ ಗುರುತಿಗೆ ಸೇರಿಸಿಕೊಂಡ. ವಯಸ್ಸು ಕೇಳಿದ. ನಲವತ್ತಾರು ಅಂದೆ. ಅವನಿಗಿನ್ನೂ ಮೂವತ್ತು ದಾಟಿಲ್ಲ. ನನ್ನನ್ನು ಹೆಸರು ಹಿಡಿದು ಕರೆಯಲು ಬಾಯಿ ಬಾರದೆ ಸೂರಣ್ಣ ಅನ್ನುತ್ತಾನೆ. ಗೋಡೆಗೆ ಗೆರೆ ಹೊಡೆದು ಕೊರೆಯುವುದು, ಪೈಪು ಕೂರಿಸುವುದು, ಅದರೊಳಗೆ ವೈರು ಎಳೆಯುವುದು, ಸದ್ಯಕ್ಕೆ ನನ್ನ ಪಾಲಿಗೆ ಬಂದದ್ದು ಇಷ್ಟೇ. ದಿನವಿಡೀ ಸಿಮೆಂಟಿನ ಧೂಳು ಕುಡಿಯುತ್ತೇನೆ. ಮಲಗಲು ಅಂಗಡಿಯ ಹಿಂದೆ ಒಂದು ಕೋಣೆ ಇದೆ. ಅಲ್ಲಿಂದ ಆಕಾಶ ಕಾಣುವುದಿಲ್ಲ.

ಮೊದಲ ದಿನವೇ ಒಂದು ಜೊತೆ ಬೂಟು ತಂದು ನನ್ನ ಮುಂದಿಟ್ಟ. ಅಟ್ಟೆಗೆ ದಪ್ಪ ರಬ್ಬರು. "ಸೂರಣ್ಣ, ಇದಿಲ್ದೆ ಕೆಲಸಕ್ಕೆ ಕೈ ಹಚ್ಚಂಗಿಲ್ಲ. ಕರೆಂಟು ಯಾವಾಗ್ಲೂ ನೆಲ ಹುಡುಕ್ತಾ ಇರ್ತೈತೆ. ನೀವು ಬರಿಗಾಲಾಗೆ ನಿಂತ್ರೆ ನಿಮ್ಮ ಮೈಯಾಗೇ ಹಾದು ನೆಲಕ್ಕೆ ಇಳೀತೈತೆ" ಅಂದ. ನಮ್ಮ ಕಥೆ ಅವನಿಗೇನು ಗೊತ್ತು. ನಮ್ಮಪ್ಪ ನಮಗೆ ಹೇಳಿಕೊಟ್ಟಿದ್ದು ನೆಲಕ್ಕೂ ಕಾಲಿಗೂ ನಡುವೆ ಏನೂ ಇರಬಾರದು ಅಂತ. ಇವನು ಹೇಳಿಕೊಡುತ್ತಿರುವುದು ಏನಾದರೂ ಇರಲೇಬೇಕು ಅಂತ.

ನೀನು ಹೇಳಿ ಕಳಿಸಿದ್ದು ಮರೆತಿಲ್ಲ. ಕೆರ ಮೆಟ್ಟಿದ ದಿನ ಕಿಲಾರಿತನ ಹೋಯಿತು, ಮತ್ತೆ ಎತ್ತು ಕೂಡುವ ರೊಪ್ಪದೊಳಗೆ ಕಾಲಿಡುವಂತಿಲ್ಲ ಅಂದೆ. ಬೂಟನ್ನು ಅಂಗಡಿಯ ಗೋಡೆಯ ಮೊಳೆಗೆ ನೇತುಹಾಕಿದ್ದೇನೆ. ಕರೆಂಟು ಇಲ್ಲದ ಹೊಸ ಮನೆಗಳ ಕೆಲಸಕ್ಕಷ್ಟೇ ಬರುತ್ತೇನೆ ಅಂತ ಮಲ್ಲಿಕ್‌ಗೆ ಹೇಳಿದ್ದೇನೆ. ಎಷ್ಟು ದಿನ ಕೇಳುತ್ತಾನೋ ನೋಡಬೇಕು.

ಮುತ್ತಯ್ಯ ಹೇಗಿದ್ದಾನೆ? ನಾನು ಹೊರಡುವಾಗ ಎಡಗಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಮುಂದಿನ ಎತ್ತಿಗೆ ಕಣ್ಣು ಮಂಜಾದರೆ ಹಿಂದಿನವೆಲ್ಲ ದಾರಿ ತಪ್ಪುತ್ತವೆ. ನೋಡಿಕೊ.

ಸೂರ


ರೊಪ್ಪದಿಂದ
20 ಫೆಬ್ರವರಿ 2024

ಲೇ ಸೂರ,

ನಾನು ತಿರುಗಿ ನೋಡಲಿಲ್ಲ ಅಂತ ದೂರುತ್ತೀಯ. ತಿರುಗಿ ನೋಡಿದ್ದರೆ ನಿನ್ನನ್ನು ಬಸ್ಸಿನಿಂದ ಇಳಿಸಿಕೊಂಡು ಬರುತ್ತಿದ್ದೆ. ಇಳಿಸಿಕೊಂಡು ಬಂದು ಉಣ್ಣಲು ಏನು ಕೊಡುತ್ತಿದ್ದೆ? ಹಟ್ಟಿಯವರು ಇನ್ನು ಒಬ್ಬ ಕಿಲಾರಿಗೆ ಮಾತ್ರ ಕಾಳು ಅಳೆಯುತ್ತೇವೆ ಅಂದಾಗ ನೀನೇ ಎದ್ದು ನಾನು ಹೋಗುತ್ತೇನೆ ಅಂದೆ. ದೊಡ್ಡವನು ನಾನಿದ್ದೆ, ಬಾಯಿ ಬಿಡಲಿಲ್ಲ. ಅದು ನನ್ನ ಎದೆಯಲ್ಲಿದೆ.

ನೀನು ಹಟ್ಟಿ ಬಿಟ್ಟು ಹೋದವನಲ್ಲ. ಹುಲ್ಲು ಸಿಗುವ ಕಾಲ ಬರುವ ತನಕ ಹೊರಗೆ ಇರುವವನು. ಹಾಗಂತ ಎಲ್ಲರ ಎದುರು ಹೇಳಿಸಿದ್ದೇನೆ. ಅದಕ್ಕೇ ಕಾಲಿನ ವಿಚಾರದಲ್ಲಿ ಬಿಗಿಯಾಗಿರು ಅಂದದ್ದು. ಅಪ್ಪ ಕಾಯಿಲೆ ಬಿದ್ದು ದುರ್ಗದ ಆಸ್ಪತ್ರೆಯಲ್ಲಿದ್ದಾಗ ಅಲ್ಲಿನವರು ಕಾಲಿಗೆ ಚಪ್ಪಲಿ ಹಾಕಿಸಿದ್ದರು, ನಿನಗೆ ನೆನಪಿರಬೇಕು. ಆ ವರ್ಷ ದಸರೆಯಿಂದ ದೀಪಾವಳಿ ಪಾಡ್ಯದವರೆಗೆ ಬರಿಗಾಲಲ್ಲಿದ್ದು ಒಂದೇ ಹೊತ್ತು ಉಂಡ ಮೇಲೆ ಹಟ್ಟಿಯವರು ಮುಂದಿನ ಎತ್ತಿನ ಹಗ್ಗ ಅಪ್ಪನ ಕೈಗೆ ಕೊಟ್ಟರು. ಆದರೆ ಅದು ರೋಗಕ್ಕೆ ಕೊಟ್ಟ ರಿಯಾಯಿತಿ. ಸಂಬಳಕ್ಕೆ ಯಾರೂ ಕೊಡುವುದಿಲ್ಲ.

ಮುತ್ತಯ್ಯನ ಕಣ್ಣಿಗೆ ನಿನ್ನ ಅತ್ತಿಗೆ ಸೂರಮ್ಮ ತುಂಬೆ ರಸ ಬಿಟ್ಟಳು. ಈಗ ಪರವಾಗಿಲ್ಲ. ಸಂಜೆ ರೊಪ್ಪಕ್ಕೆ ಬಂದಾಗ ನೀನು ಕೂರುತ್ತಿದ್ದ ಬಂಡೆಯ ಹತ್ತಿರ ನಿಲ್ಲುತ್ತಾನೆ. ಹೊಡೆದರೂ ಕದಲುವುದಿಲ್ಲ. ನೀನು ಬಂದು ಕರೆದುಕೊಂಡು ಹೋಗಬೇಕು ಅಂತಿದ್ದಾನೆ.

ಸರಿಯಾಗಿ ಉಣ್ಣು. ಧೂಳಿಗೆ ಬೆಲ್ಲ ತಿನ್ನು.

ಬೋರಣ್ಣ


ಚಳ್ಳಕೆರೆ
16 ಏಪ್ರಿಲ್ 2024

ಅಣ್ಣನಿಗೆ,

ಯುಗಾದಿಗೆ ಬರುತ್ತೇನೆ ಅಂತ ಅತ್ತಿಗೆ ಹೋಳಿಗೆ ಮಾಡಿ ಕಾದಳಂತೆ, ಕಂಡಕ್ಟರ್ ಹೇಳಿದ. ಬರಲಾಗಲಿಲ್ಲ. ಒಂದು ಮನೆಯ ಗೃಹಪ್ರವೇಶ ಅದೇ ದಿನವಿತ್ತು, ದೀಪ ಹತ್ತಲೇಬೇಕಿತ್ತು. ಆ ಮನೆಯಲ್ಲಿ ಒಂದು ತಮಾಷೆ ನಡೆಯಿತು. ನಾವಿಬ್ಬರೂ ಒಳಗೆ ಹೋದ ಕೂಡಲೇ ಮನೆಯ ಯಜಮಾನಿ ತಿಪ್ಪೇರುದ್ರಮ್ಮ ಅನ್ನುವವರು ನನಗೆ ಕುರ್ಚಿ ಹಾಕಿ ಮಲ್ಲಿಕ್‌ಗೆ, "ಏಯ್, ಏಣಿ ಆಕಡೆ ಇಡಪ್ಪ" ಅಂದರು. ನನ್ನ ಬಿಳಿ ಗಡ್ಡ ನೋಡಿ ನಾನೇ ಮೇಸ್ತ್ರಿ ಅಂದುಕೊಂಡಿದ್ದರು. ಮಲ್ಲಿಕ್ ನಗುತ್ತಾ ಏಣಿ ಎತ್ತಿಕೊಂಡ. ನನಗೆ ಮಾತ್ರ ನಗು ಬರಲಿಲ್ಲ. ಕುರ್ಚಿಯಿಂದ ಎದ್ದು ಅವನ ಕೈಯಿಂದ ಏಣಿ ಇಸಿದುಕೊಂಡೆ. ಅಜ್ಜ ಆಗುವ ವಯಸ್ಸಿನಲ್ಲಿ ಇನ್ನೊಬ್ಬರ ಏಣಿ ಹಿಡಿಯುವುದು ಏನು ಅಂತ ನಿನಗೆ ಗೊತ್ತಾಗುವುದಿಲ್ಲ ಬಿಡು. ನಮ್ಮ ಹಟ್ಟಿಯಲ್ಲಿ ನಾನು ರೊಪ್ಪದಿಂದ ಬಂದರೆ ಮುದುಕರು ಕೂಡ ಎದ್ದು ನಿಲ್ಲುತ್ತಿದ್ದರು.

ಕೆಲಸ ಸ್ವಲ್ಪ ಸ್ವಲ್ಪ ತಲೆಗೆ ಹತ್ತುತ್ತಿದೆ. ಟೆಸ್ಟರ್ ಹಿಡಿಯುವುದು ಬಂತು. ಯಾವ ಬಣ್ಣದ ವೈರು ಯಾವುದಕ್ಕೆ ಅಂತ ಗೊತ್ತಾಯಿತು. ಮಲ್ಲಿಕ್ ಒಂದು ಕಟ್ಟಳೆ ಇಟ್ಟಿದ್ದಾನೆ. ಎಲ್ಲಿ ಕೆಲಸಕ್ಕೆ ಹೋದರೂ ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಕೆಲಸ ಮಾಡುವವನೇ ಅದನ್ನು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮನೆಯವರ ಕೈಗೂ ಕೊಡಬಾರದು, ಕಿಟಕಿಯ ಮೇಲೂ ಇಡಬಾರದು. ತನ್ನ ಜೀವ ತನ್ನ ಜೇಬಿನಲ್ಲಿ ಇರಬೇಕು ಅನ್ನುತ್ತಾನೆ. ಈ ಮಾತು ನನಗೆ ಹಿಡಿಸಿತು. ನಾವೂ ಮುಂದಿನ ಎತ್ತಿನ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲವಲ್ಲ.

ಕಾಲಿನ ವಿಚಾರ ಕೇಳುವೆ ಅಂತ ಗೊತ್ತು. ನೀನು ಹೇಳಿದಂತೆ ಇದ್ದೇನೆ. ಬೂಟು ಮೊಳೆಯಲ್ಲೇ ಇದೆ. ಸದ್ಯ ಇಲ್ಲಿ ಕಾಲಿಗೆ ಮುಳ್ಳು ಚುಚ್ಚಿ ಎಷ್ಟು ದಿನವಾಯಿತೋ. ಮುಳ್ಳು ಕೀಳಲು ಸೊಂಟಕ್ಕೆ ಕಟ್ಟಿಕೊಂಡಿದ್ದ ಚಿಮಟ ಎಲ್ಲಿ ಬಿತ್ತೋ ಅದೂ ನೆನಪಿಲ್ಲ.

ಮುತ್ತಯ್ಯನಿಗೆ ನಾನು ಬರುತ್ತೇನೆ ಅಂತ ಹೇಳು. ಅವನಿಗೆ ತಿಳಿಯುತ್ತದೆ.

ಸೂರ


ರೊಪ್ಪದಿಂದ
2 ಮೇ 2024

ಲೇ ಸೂರ,

ಕಾಗದ ಸಿಕ್ಕಿತು. ರಾಧಮ್ಮನ ಹೋಟೆಲಿನಲ್ಲೇ ಓದಿಸಿಕೊಂಡು ಇನ್ನೊಮ್ಮೆ ನಾನೇ ಓದಿದೆ. ಪೇಟೆಯಲ್ಲಿ ಡಾಂಬರು ಹಾಕಿ ರಸ್ತೆ ನುಣ್ಣಗೆ ಮಾಡಿದ್ದಾರೆ, ಮುಳ್ಳು ಎಲ್ಲಿಂದ ಬರಬೇಕು. ಬಿಸಿಲಿಗೆ ಡಾಂಬರು ಸುಡುತ್ತದೆ, ಗೋಡೆಯ ನೆರಳು ಹಿಡಿದು ನಡಿ. ಚಿಮಟ ಕಳೆದರೆ ಕಳೆಯಿತು, ಬೇರೆಯದು ಮಾಡಿಸಿಕೊಡುತ್ತೇನೆ.

ನೀನು ಮಾತು ಉಳಿಸಿಕೊಂಡಿದ್ದೀಯ ಅಂತ ಹಟ್ಟಿಯ ಕಟ್ಟೆಯ ಮೇಲೆ ಹೇಳಿದೆ. ಪೇಟೆಗೆ ಹೋದವನು ಮೂರೇ ದಿನಕ್ಕೆ ಚಪ್ಪಲಿ ಮೆಟ್ಟುತ್ತಾನೆ ಅಂತ ಆಡಿಕೊಂಡವರೆಲ್ಲ ಬಾಯಿ ಮುಚ್ಚಿದರು. ತಲೆ ಎತ್ತಿ ನಡೆದೆ ಕಣೋ.

ಇಲ್ಲಿ ಮೇವಿಗೆ ಕಷ್ಟ. ಹಿಂದೆ ನಮ್ಮ ಎತ್ತು ಮೇಯುತ್ತಿದ್ದ ವರವು ಕಾವಲಿನ ಕಡೆ ಹೋದರೆ ಕ್ಯಾಂಪಸ್ಸಿನವರು ಹಾಕಿದ ಗೋಡೆಯ ಪಕ್ಕ ಪಕ್ಕವೇ ನಡೆದು ವಾಪಸು ಬರಬೇಕು. ಮುತ್ತಯ್ಯ ಗೋಡೆಗೆ ಮೂತಿ ಹಚ್ಚಿ ಮೂಸುತ್ತಾನೆ. ಒಳಗಿನ ಹುಲ್ಲು ಅವನಿಗೆ ಗೊತ್ತಾಗುತ್ತದೆ.

ಬೋರಣ್ಣ


ಚಳ್ಳಕೆರೆ
21 ಜುಲೈ 2024

ಅಣ್ಣನಿಗೆ,

ನಡುವೆ ಎರಡು ಕಾಗದ ಬರೆದೆ. ಉತ್ತರವಿಲ್ಲ. ರಾಧಮ್ಮ ಕೊಟ್ಟಿದ್ದೇನೆ ಅಂದಳಂತೆ. ಸಿಟ್ಟು ಬಂದಿದೆಯಾ? ಬಂದಿದ್ದರೆ ಅದನ್ನಾದರೂ ಬರೆ. ಬೈಗುಳವಾದರೂ ಓದಿಕೊಂಡು ಇರುತ್ತೇನೆ.

ಹೋದ ವಾರ ಒಂದು ಮನೆಯ ವೈರಿಂಗ್ ಪೂರ್ತಿ ನಾನೇ ಮಾಡಿದೆ. ಮಲ್ಲಿಕ್ ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ಒಂದು ಸಲವೂ ಒಳಗೆ ಬರಲಿಲ್ಲ. ಕೊನೆಗೆ ನಾನು ಜೇಬಿನಲ್ಲಿದ್ದ ಫ್ಯೂಸ್ ಹಾಕಿದ ಮೇಲೆ, "ಒತ್ರಿ ಸೂರಣ್ಣ" ಅಂದ. ಸ್ವಿಚ್ ಒತ್ತಿದೆ. ದೀಪ ಹತ್ತಿತು. ನನಗೆ ಅಳು ಬಂತು ಅಣ್ಣ. ಕಣ್ಣಿಗೆ ಧೂಳು ಬಿತ್ತು ಅಂತ ಗೋಡೆಯ ಕಡೆ ತಿರುಗಿಕೊಂಡೆ. ಅದು ಖುಷಿಯೋ ದುಃಖವೋ ನನಗೇ ತಿಳಿಯಲಿಲ್ಲ. ಈ ಕೆಲಸ ನನ್ನ ಕೈಗೆ ಒಗ್ಗಿದೆ, ಹಾಗಾದರೆ ಇನ್ನು ರೊಪ್ಪದ ಕೆಲಸ ಮರೆತುಹೋಗುತ್ತದೆ ಅಂತ ಸಂಕಟವಾಯಿತು. ಇನ್ನೆರಡು ವರ್ಷ ಕಳೆದರೆ ವೈರಿಂಗ್ ಕೆಲಸದ ಪರ್ಮಿಟ್ ಪರೀಕ್ಷೆಗೆ ಕೂರಿಸುತ್ತೇನೆ ಅನ್ನುತ್ತಾನೆ ಮಲ್ಲಿಕ್. ಎರಡು ವರ್ಷ ನಾನು ಇಲ್ಲಿರುವುದಿಲ್ಲ, ಹುಲ್ಲು ಬಂದರೆ ಹೋಗುವವನು ಅಂತ ಅವನಿಗೆ ಹೇಳಿಲ್ಲ.

ಇಲ್ಲಿ ಮಳೆ ಒಂದೆರಡು ಸಲ ಬಂತು. ಅಲ್ಲಿ ಹೇಗಿದೆ? ಮುತ್ತಯ್ಯ ಮೇಯುತ್ತಿದ್ದಾನಾ? ಅಷ್ಟಾದರೂ ಬರೆ.

ಸೂರ


30 ಆಗಸ್ಟ್ 2024

ಸೂರ,

ತಡವಾಯಿತು. ಸಿಟ್ಟಿಲ್ಲ. ಕೈ ಬಿಡುವಿರಲಿಲ್ಲ.

ನೀನು ಒಬ್ಬನೇ ಒಂದು ಮನೆಗೆ ದೀಪ ಹಾಕಿದ್ದನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಅವಳು ದೇವರಿಗೆ ಕೈ ಮುಗಿದಳು. ಕೆಲಸ ಒಗ್ಗಿದ್ದರೆ ಒಳ್ಳೆಯದೇ ಆಯಿತು, ಅದಕ್ಕೆ ಯಾಕೆ ಸಂಕಟ ಪಡುತ್ತೀಯ. ಆ ಹುಡುಗ ಎರಡು ವರ್ಷ ಅಂದರೆ ಇರು. ಕಲಿ. ಅವಸರ ಮಾಡಬೇಡ.

ಮುತ್ತಯ್ಯನನ್ನು ಕೇಳಿದ್ದೀಯ. ಅವನಿಗೆ ಈಗ ಯಾವ ಕಷ್ಟವೂ ಇಲ್ಲ. ಮೇವಿನ ಚಿಂತೆ ನನ್ನ ತಲೆಯಿಂದ ಇಳಿದಿದೆ.

ಮೈ ಕಡೆ ನೋಡಿಕೊ.

ಬೋರಣ್ಣ


ಚಳ್ಳಕೆರೆ
29 ಸೆಪ್ಟೆಂಬರ್ 2024

ಅಣ್ಣನಿಗೆ,

ನಿನ್ನ ಕಾಗದ ಓದಿ ಸಮಾಧಾನವಾಯಿತು. ಮೇವಿನ ಚಿಂತೆ ಇಳಿದಿದೆ ಅಂತ ನಿನ್ನ ಬಾಯಲ್ಲಿ ಬರಬೇಕಾದರೆ ಅಡವಿಯಲ್ಲಿ ಹುಲ್ಲು ಎದ್ದಿರಬೇಕು. ಒಂದು ಮಾತು ಕೇಳುತ್ತೇನೆ, ನಗಬೇಡ. ಮೊದಲೆಲ್ಲ ನಿನ್ನ ಕಾಗದ ಬಿಚ್ಚಿದರೆ ಸಗಣಿ ಹೊಗೆಯ ವಾಸನೆ ಬರುತ್ತಿತ್ತು. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ಈ ಸಲ ಸೋಪಿನ ವಾಸನೆ. ಅತ್ತಿಗೆ ನಿನ್ನ ಅಂಗಿಯನ್ನು ಅಷ್ಟು ಚೆನ್ನಾಗಿ ಒಗೆಯಲು ಯಾವಾಗ ಕಲಿತಳೋ.

ಅಡವಿ ಹಸಿರಾಗಿದ್ದರೆ ನಾನು ಇನ್ನೂ ಇಲ್ಲಿ ಯಾಕಿರಬೇಕು? ಕೆಲಸ ಕಲಿ, ಅವಸರ ಮಾಡಬೇಡ ಅಂತ ನೀನು ದೊಡ್ಡ ಮನಸ್ಸಿನಿಂದ ಬರೆದಿದ್ದೀಯ, ನನಗೆ ಗೊತ್ತು. ಆದರೆ ಹಟ್ಟಿಯವರ ಎದುರು ಒಂದು ಸಲ ನಿಂತು ಕೇಳುತ್ತೇನೆ. ದೀಪಾವಳಿ ಪಾಡ್ಯಕ್ಕೆ ಬರುತ್ತೇನೆ. ಈ ವರ್ಷ ಪೂಜೆಯ ದಿನ ಮುತ್ತಯ್ಯನ ಹಗ್ಗ ನನ್ನ ಕೈಗೆ ಕೊಡಿಸು. ರೊಪ್ಪದ ಸುತ್ತ ಅವನನ್ನು ನಡೆಸಿಕೊಂಡು ಬಂದರೆ ಸಾಕು, ಆಮೇಲೆ ವಾಪಸು ಹೋಗು ಅಂದರೂ ಹೋಗುತ್ತೇನೆ. ಬಾ ಅಂತ ಒಂದು ಮಾತು ಬರೆ.

ಸೂರ


8 ಅಕ್ಟೋಬರ್ 2024

ಸೂರ,

ಬಾ.

ರಾಂಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ನೇರವಾಗಿ ಹಟ್ಟಿಗೆ ಹೋಗಬೇಡ. ಮೊದಲು ನನ್ನ ಹತ್ತಿರ ಕೂತು ಮಾತಾಡು.

ಬೋರಣ್ಣ


ದುರ್ಗದ ಆಸ್ಪತ್ರೆಯಿಂದ
4 ನವೆಂಬರ್ 2024

ಅಣ್ಣನಿಗೆ,

ಬಸ್ ಸ್ಟ್ಯಾಂಡಿನಲ್ಲಿ ಕಾದು ಕಾದು ಹೋಗಿರುತ್ತೀಯ. ಬೈದುಕೊಂಡಿರುತ್ತೀಯ. ಬಲಗಾಲಿಗೆ ಸ್ವಲ್ಪ ಸುಟ್ಟಿದೆ, ಬರಲಾಗಲಿಲ್ಲ. ಗಾಬರಿಯಾಗಬೇಡ. ಮಲ್ಲಿಕ್ ಜೊತೆಗಿದ್ದಾನೆ, ಊಟ ತಂದುಕೊಡುತ್ತಾನೆ. ನೀನು ಎತ್ತು ಬಿಟ್ಟು ಇಲ್ಲಿಗೆ ಓಡಿ ಬರಬೇಡ.

ನಿನಗೆ ಒಂದು ಸುಳ್ಳು ಹೇಳಿದ್ದೆ. ಯುಗಾದಿಗೂ ಮೊದಲೇ ನಾನು ಬೂಟು ಹಾಕಿಕೊಂಡೆ. ಒಂದು ಮನೆಯಲ್ಲಿ ಸಣ್ಣದಾಗಿ ಕರೆಂಟು ಹೊಡೆದು ಏಣಿಯಿಂದ ಬಿದ್ದೆ. ಅವತ್ತು ಮಲ್ಲಿಕ್ ನನ್ನ ಕಾಲ ಹತ್ತಿರ ಕೂತು ಅವನ ಕೈಯಾರೆ ಬೂಟಿನ ದಾರ ಕಟ್ಟಿದ. ಬೇಡ ಅನ್ನಲಾಗಲಿಲ್ಲ. ಆಮೇಲೆ ದಿನಾ ಹಾಕಿದೆ. ನೀನು ಕಟ್ಟೆಯ ಮೇಲೆ ನನ್ನ ಮಾತು ಹೇಳಿ ತಲೆ ಎತ್ತಿ ನಡೆದೆ ಅಂತ ಬರೆದಾಗ ನಾನು ಆ ಕಾಗದವನ್ನು ಬೂಟು ಹಾಕಿಕೊಂಡೇ ಓದುತ್ತಿದ್ದೆ.

ನೀನು ಬಾ ಅಂದಮೇಲೆ ಅಪ್ಪನ ವಿಷಯ ನೆನಪಾಯಿತು. ದಸರೆಯ ದಿನ ಬೂಟು ಬಿಚ್ಚಿ ಮತ್ತೆ ಮೊಳೆಗೆ ಹಾಕಿದೆ. ಒಂದೇ ಹೊತ್ತು ಉಂಡೆ. ಪಾಡ್ಯದವರೆಗೆ ಹೀಗಿದ್ದರೆ ಮುತ್ತಯ್ಯನ ಹಗ್ಗ ಮುಟ್ಟಬಹುದು ಅಂದುಕೊಂಡೆ. ಮಲ್ಲಿಕ್ ಕೇಳಿದ್ದಕ್ಕೆ ಮಳೆಯಲ್ಲಿ ಬೂಟು ನೆನೆದಿದೆ ಅಂದೆ. ನಿಜಕ್ಕೂ ಆಗ ಮಳೆ ಬಿಡದೆ ಹಿಡಿದಿತ್ತು. ಒಂದು ಎಣ್ಣೆ ಮಿಲ್ಲಿನ ಮೇನ್ ಬೋರ್ಡ್ ಬದಲಿಸಲು ಹೋಗಿದ್ದೆವು. "ಬೂಟು ಇಲ್ಲಾಂದ್ರೆ ಇವತ್ತು ಹೊರಗೆ ಕುಂತ್ಕಳ್ರಿ ಸೂರಣ್ಣ" ಅಂದ. ಹಬ್ಬಕ್ಕೆ ರಜೆ ಕೇಳುವವನು ಕೆಲಸದ ದಿನ ಹೊರಗೆ ಕೂತರೆ ಯಾವ ಮುಖ ಇಟ್ಟುಕೊಂಡು ಕೇಳಲಿ? ನಾನೇ ಹೋಗಿ ಅವನ ಪಕ್ಕ ನಿಂತೆ. ಹಿರಿಯನಿಗೆ ಎರಡನೇ ಸಲ ಹೇಳುವುದು ಹೇಗೆ ಅಂತ ಅವನು ಸುಮ್ಮನಾದ.

ಫ್ಯೂಸ್ ನನ್ನ ಜೇಬಿನಲ್ಲೇ ಇತ್ತು ಅಣ್ಣ. ಮಿಲ್ಲಿನವರು ಯಾರೋ ಕರೆಂಟು ಹೋಗಿದೆ ಅಂದುಕೊಂಡು ಹಿತ್ತಲಿನಲ್ಲಿ ಜನರೇಟರ್ ಹಚ್ಚಿದರು. ಜೇಬಿನ ಫ್ಯೂಸ್ ಕಾಯದ ಕಡೆಯಿಂದ ಕರೆಂಟು ಬಂತು. ನಾವಿಬ್ಬರೂ ಅದೇ ಬೋರ್ಡಿಗೆ ಕೈ ಹಾಕಿದ್ದೆವು. ಮಲ್ಲಿಕ್‌ನನ್ನು ಒದರಿ ಹಿಂದಕ್ಕೆ ಕೆಡವಿತು, ಅಷ್ಟೇ. ನಾನು ಒದ್ದೆಯಾದ ಕಬ್ಬಿಣದ ತಗಡಿನ ಮೇಲೆ ನಿಂತಿದ್ದೆ. ನನ್ನನ್ನು ಅದು ಬಿಡಲಿಲ್ಲ.

ಸುಳ್ಳು ಹೇಳಿದ್ದಕ್ಕೆ ಮುತ್ತಯ್ಯನೇ ಶಿಕ್ಷೆ ಕೊಟ್ಟ ಅಂತ ಒಮ್ಮೆ ಅನ್ನಿಸುತ್ತದೆ. ಹಗ್ಗ ಈ ಸಲ ನೀನೇ ಹಿಡಿದಿರಬೇಕು. ಪೂಜೆ ಹೇಗಾಯಿತು? ಅವನ ಕೊಂಬಿಗೆ ಏನು ಕಟ್ಟಿದಿರಿ? ಎಲ್ಲಾ ಬರೆ. ಇಲ್ಲಿ ಮಲಗಿ ಮಲಗಿ ಹೊತ್ತು ಹೋಗುವುದಿಲ್ಲ.

ಸೂರ


ಕುದಾಪುರದ ಹತ್ತಿರದಿಂದ
14 ನವೆಂಬರ್ 2024

ತಮ್ಮಾ,

ಪೂಜೆ ಆಗಲಿಲ್ಲ. ಎತ್ತುಗಳಿಲ್ಲ. ಹೇಗೆ ಬರೆಯಬೇಕು ಅಂತ ಗೊತ್ತಾಗದೆ ಎಷ್ಟೋ ಹಾಳೆ ಹರಿದೆ, ಕೊನೆಗೆ ಹೀಗೇ ಬರೆಯುತ್ತಿದ್ದೇನೆ.

ಮುತ್ತಯ್ಯ ಆಷಾಢದಲ್ಲಿ ಬಿದ್ದ. ಮೇವಿಲ್ಲದೆ ಸೊರಗಿದ್ದ, ಒಂದು ಬೆಳಿಗ್ಗೆ ಏಳಲಿಲ್ಲ. ನಿನ್ನ ಬಂಡೆಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಉಳಿದವನ್ನು ನನ್ನಿಂದ ಸಾಕಲಾಗದು ಅಂತ ಹಟ್ಟಿಯವರು ಕೂತು ತೀರ್ಮಾನ ಮಾಡಿ ಆಂಧ್ರದ ಕಡೆಯ ಒಂದು ಹಟ್ಟಿಯ ಎತ್ತುಗಳ ಜೊತೆ ಸೇರಿಸಿದರು. ಅವರ ಕಿಲಾರಿ ಬಂದು "ರಾ, ರಾ" ಅಂತ ತೆಲುಗಿನಲ್ಲಿ ಕರೆದ. ಎತ್ತುಗಳು ನನ್ನ ಮುಖ ನೋಡಿದವು. ನಾನೇ ಹಿಂದಿನಿಂದ ದೂಡಿದೆ.

ಆಮೇಲೆ ಹಟ್ಟಿಯಲ್ಲಿ ಏನು ಮಾಡಲಿ? ಕುದಾಪುರದ ಹತ್ತಿರ ಒಂದು ಕ್ಯಾಂಪಸ್ಸಿನ ಗೇಟಿನಲ್ಲಿ ಕಾವಲು ಕೆಲಸ ಕೊಟ್ಟರು. ಗೋಡೆಯ ಒಳಗೆ ಹುಲ್ಲು ಮೊಣಕಾಲುದ್ದ ನಿಂತಿದೆ ಸೂರ. ದನ ಒಳಗೆ ಬರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಖಾಕಿ ಅಂಗಿ ದಿನಾ ಒಗೆದು ಹಾಕಬೇಕು, ನಿನಗೆ ಬಂದ ಸೋಪಿನ ವಾಸನೆ ಅದು. ಕಾಲಿಗೆ ಬೂಟು ಕೊಟ್ಟರು. ಹಾಕಿಕೊಂಡೆ. ನಿನಗೆ ಮೆಟ್ಟಬೇಡ ಅಂದ ಬಾಯಿ ಇದೇ.

ಹಟ್ಟಿಯವರಿಗೆಲ್ಲ, ರಾಧಮ್ಮನಿಗೂ, ಸೂರನಿಗೆ ಹೇಳಬೇಡಿ ಅಂತ ಕೈ ಮುಗಿದಿದ್ದೆ. ವಾಪಸು ಬರಲು ಒಂದು ಜಾಗ ಇದೆ ಅಂದುಕೊಂಡು ನೀನು ಆ ಪೇಟೆಯಲ್ಲಿ ದಿನ ದೂಡುತ್ತಿದ್ದೀಯ, ಆ ಜಾಗ ಇಲ್ಲ ಅಂತ ಯಾವ ಕೈಯಲ್ಲಿ ಬರೆಯಲಿ? ನೀನು ಹಗ್ಗ ಕೇಳಿದಾಗ ಬಾ ಅಂದೆ. ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿಕೊಂಡು ಹೇಳೋಣ ಅಂದುಕೊಂಡೆ. ಪಾಡ್ಯದ ದಿನ ಕೊನೆಯ ಬಸ್ಸಿನಿಂದಲೂ ನೀನು ಇಳಿಯಲಿಲ್ಲ. ನನಗೆ ಏನನ್ನಿಸಿತು ಗೊತ್ತಾ? ಸದ್ಯ, ಇವತ್ತು ಹೇಳುವುದು ತಪ್ಪಿತು ಅನ್ನಿಸಿತು. ರಾಧಮ್ಮನ ಹತ್ತಿರ ಚಹಾ ಕುಡಿದು ಮನೆಗೆ ಹೋಗಿ ಮಲಗಿದೆ. ನೀನು ಆಗ ಆಸ್ಪತ್ರೆಯಲ್ಲಿದ್ದೆ.

ಆಷಾಢದಲ್ಲೇ "ಬೂಟು ಹಾಕ್ಕಳಲೇ ಸೂರ" ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನೀನು ಬಿಚ್ಚುತ್ತಿರಲಿಲ್ಲ. ಮುತ್ತಯ್ಯ ಶಿಕ್ಷೆ ಕೊಟ್ಟ ಅಂತ ಬರೆದಿದ್ದೀಯ. ಸತ್ತ ಎತ್ತು ಯಾರಿಗೂ ಏನೂ ಮಾಡುವುದಿಲ್ಲ. ಮಾಡಿದ್ದು ನಾನು.

ಬರಬೇಡ ಅಂದರೂ ನಾನು ಆಸ್ಪತ್ರೆಗೆ ಬರಬಹುದಿತ್ತು. ದುರ್ಗದ ಬಸ್ಸಿಗೆ ನಿಂತು ಎರಡು ಸಲ ವಾಪಸು ಬಂದೆ. ಬೂಟು ಹಾಕಿ ಹಾಕಿ ನನ್ನ ಹಿಮ್ಮಡಿ ಮೆತ್ತಗಾಗಿದೆ. ನೀನು ಯಾರನ್ನು ಕಂಡರೂ ಮೊದಲು ನೋಡುವುದು ಕಾಲನ್ನೇ. ಈಗ ಎಲ್ಲಾ ಹೇಳಿ ಆಯಿತು, ಬಾ ಅಂದರೆ ಬರುತ್ತೇನೆ.

ಈ ಕಾಗದದ ಜೊತೆ ಚೀಲದಲ್ಲಿ ನನ್ನ ಬೂಟು ಕಳಿಸಿದ್ದೇನೆ. ಹೆಚ್ಚು ಸವೆದಿಲ್ಲ. ನಾಳೆಯಿಂದ ಗೇಟಿಗೆ ಬರಿಗಾಲಲ್ಲಿ ಹೋಗುತ್ತೇನೆ, ಕೆಲಸದಿಂದ ತೆಗೆದರೆ ತೆಗೆಯಲಿ. ನಿನಗೂ ನನಗೂ ಒಂದೇ ಅಳತೆ. ಚಿಕ್ಕಂದಿನಲ್ಲಿ ನೀನು ನನ್ನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಟ್ಟು ನಡೆಯುತ್ತಿದ್ದೆ, ಒಬ್ಬನೇ ಹೋದ ಹಾಗೆ ಕಾಣುತ್ತಿತ್ತು. ಕಾಲು ವಾಸಿಯಾದ ಮೇಲೆ ಇದನ್ನು ಹಾಕಿಕೊ. ಇನ್ನು ಒಂದು ದಿನವೂ ಬಿಚ್ಚಬೇಡ.

ಬೋರಣ್ಣ


ಚಳ್ಳಕೆರೆ
24 ನವೆಂಬರ್ 2024

ಅಣ್ಣನಿಗೆ,

ನಿನ್ನ ಕಾಗದ ಓದಿ ಮಡಿಸಿ ಎಸೆದೆ. ಮಲ್ಲಿಕ್ ಎತ್ತಿ ಮತ್ತೆ ನನ್ನ ಪಕ್ಕ ಇಟ್ಟ. ನಿನ್ನ ಮೇಲೆ ನನಗೆ ಸಿಟ್ಟಿದೆ. ಇಲ್ಲ ಅಂದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಮುತ್ತಯ್ಯ ಮಣ್ಣಾಗಿ ಇಷ್ಟು ತಿಂಗಳು, ನಾನು ಅವನಿಗೋಸ್ಕರ ಒಂದು ಹೊತ್ತು ಉಂಡುಕೊಂಡು ಇದ್ದೆನಲ್ಲ. ಅದನ್ನು ನೆನೆದರೆ ಎದೆ ಉರಿಯುತ್ತದೆ. ನನ್ನ ಮೇಲೂ ಅಷ್ಟೇ ಸಿಟ್ಟಿದೆ. ನೀನು ಒಂದು ಸಾಲು ಬರೆದಿದ್ದರೆ ನಾನು ಬೂಟು ಬಿಚ್ಚುತ್ತಿರಲಿಲ್ಲ. ನಾನು ಒಂದು ಸಾಲು ಬರೆದಿದ್ದರೂ ಬಿಚ್ಚುವ ಕೆಲಸ ಇರುತ್ತಿರಲಿಲ್ಲ. ಇಬ್ಬರೂ ಒಬ್ಬರ ಮನಸ್ಸು ಒಬ್ಬರು ಕಾಯುತ್ತಾ ಕೂತೆವು.

ಆಸ್ಪತ್ರೆಯಿಂದ ಅಂಗಡಿಗೆ ಬಂದಿದ್ದೇನೆ. ಮಲ್ಲಿಕ್ ನನ್ನನ್ನು ಕೆಲಸದಿಂದ ತೆಗೆದಿಲ್ಲ. ಅವನೂ ಕೊರಗುತ್ತಿದ್ದಾನೆ. "ನಿಮ್ಮನ್ನ ಅವತ್ತು ಬೈಬೇಕಿತ್ತು ಸೂರಣ್ಣ, ಹಿರೇರು ಅಂತ ಬಿಟ್ಟೆ" ಅಂತ ಮೂರು ಹೊತ್ತೂ ಹೇಳುತ್ತಾನೆ. ಅಂಗಡಿಯಲ್ಲಿ ಒಂದು ಮೇಜು ಹಾಕಿಕೊಟ್ಟಿದ್ದಾನೆ. ಸ್ವಿಚ್ ಬೋರ್ಡಿಗೆ ವೈರು ಜೋಡಿಸುವುದು, ಕೆಟ್ಟ ಫ್ಯಾನು, ಮಿಕ್ಸಿ ಬಿಚ್ಚಿ ನೋಡುವುದು, ಕೂತು ಮಾಡುವ ಕೆಲಸ. ಇನ್ನು ಏಣಿ ಹತ್ತುವುದಿಲ್ಲ. ಪರ್ಮಿಟ್ ಪರೀಕ್ಷೆಗೆ ಕೂರಿಸುತ್ತೇನೆ ಅಂತ ಈಗಲೂ ಅನ್ನುತ್ತಾನೆ. ಹೂಂ ಅಂದಿದ್ದೇನೆ. ಹೋಗಲು ಬೇರೆ ಕಡೆ ಇಲ್ಲ ಅಂತ ಈಗ ಗೊತ್ತಾಗಿದೆ, ಇನ್ನಾದರೂ ಸರಿಯಾಗಿ ಕಲಿಯಬೇಕು.

ನೀನು ಗೇಟಿನ ಕೆಲಸ ಬಿಡಬೇಡ. ನನಗೋಸ್ಕರ ಬರಿಗಾಲಲ್ಲಿ ನಿಂತು ಯಾರಿಗೆ ಏನಾಗಬೇಕಿದೆ? ಅತ್ತಿಗೆ ಏನು ಉಣ್ಣಬೇಕು?

ನಿನ್ನ ಬೂಟಿನ ವಿಷಯ. ದುರ್ಗದಿಂದ ಬರೆದಾಗ ಸ್ವಲ್ಪ ಸುಟ್ಟಿದೆ ಅಂದಿದ್ದೆ. ಅದನ್ನು ಬರೆಯುವ ಹೊತ್ತಿಗಾಗಲೇ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಬಿಟ್ಟಿದ್ದರು. ಪಾಡ್ಯದಲ್ಲಿ ಹಗ್ಗ ಹಿಡಿದ ಸಂತೋಷ ನಿನಗೆ ಹಾಳಾಗದಿರಲಿ ಅಂತ ಬರೆಯಲಿಲ್ಲ. ಎಡಗಾಲಿನ ಬೂಟು ಹಾಕಿ ನೋಡಿದೆ, ನೀನು ಹೇಳಿದ ಹಾಗೆ ಅಳತೆ ಸರಿಯಾಗಿದೆ. ಅದನ್ನು ನಾನು ಇಟ್ಟುಕೊಳ್ಳುತ್ತೇನೆ. ಬಲದ್ದನ್ನು ಇದೇ ಬಸ್ಸಿನಲ್ಲಿ ವಾಪಸು ಕಳಿಸಿದ್ದೇನೆ.

ಬಾ ಅಂದರೆ ಬರುತ್ತೇನೆ ಅಂದೆಯಲ್ಲ, ಬಾ. ಬರುವ ಮೊದಲು ರಾಂಪುರದಲ್ಲಿ ಒಂದು ಜೊತೆ ಚಪ್ಪಲಿ ಕೊಂಡು ಹಾಕಿಕೊ. ಬರಿಗಾಲಲ್ಲಿ ಮಾತ್ರ ನನ್ನ ಮುಂದೆ ಬಂದು ನಿಲ್ಲಬೇಡ ಅಣ್ಣ.

ಸೂರ